ಚೆಕ್ ಬಿಟ್ಟು ಎಲ್ಲರೂ ಎಲೆಕ್ಟ್ರಾನಿಕ್ ಪಾವತಿಗೆ ಯಾಕೆ ಹೋಗ್ತಿದ್ದಾರೆ?

ಚೆಕ್ ಚೆನ್ನಾಗೇ ನಡೀತಿತ್ತಲ್ಲ, ಬಿಟ್ಟಿದ್ದು ಯಾಕೆ ಅನ್ನೋದು ನಿಮ್ಮ ಪ್ರಶ್ನೆ. ಮುಖ್ಯ ಕಾರಣ ಕಾಗದದ ಓಡಾಟ. ಚೆಕ್ ಅಂದ್ರೆ ದುಡ್ಡಲ್ಲ, ಇಂಥವರಿಗೆ ಇಷ್ಟು ಕೊಡಿ ಅಂತ ನಿಮ್ಮ ಬ್ಯಾಂಕಿಗೆ ನೀವು ಬರೆದ ಆದೇಶ, ಅಷ್ಟೇ. ಅದನ್ನು ಪಡೆದವರು ತಮ್ಮ ಬ್ಯಾಂಕಿಗೆ ಹಾಕಬೇಕು, ಆ ಬ್ಯಾಂಕಿನವರು ಚೆಕ್ಕಿನ ಕೆಳಗಡೆ ಕಾಂತೀಯ ಶಾಯಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಯಂತ್ರದಲ್ಲಿ ಓದಿಸಿ, ವಿಂಗಡಿಸಿ, ಚೆಕ್ಕನ್ನೋ ಅದರ ಚಿತ್ರವನ್ನೋ ನಿಮ್ಮ ಬ್ಯಾಂಕಿಗೆ ಕಳಿಸಬೇಕು, ಖಾತೆಯಲ್ಲಿ ಹಣ ಇದೆಯಾ ಅನ್ನೋದು ಅಲ್ಲಿಗೆ ಹೋದ ಮೇಲೇ ಗೊತ್ತಾಗೋದು. ಇಲ್ಲದಿದ್ದರೆ ಬೌನ್ಸ್.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳು ಹಾರಲಿಲ್ಲ, ಅವುಗಳಲ್ಲಿ ಸಾಗಬೇಕಿದ್ದ ಚೆಕ್ಕಿನ ಮೂಟೆಗಳು ಅಲ್ಲಲ್ಲೇ ಉಳಿದವು. ಹಾಗಾಗಿ 2003ರಲ್ಲಿ ‘ಚೆಕ್ 21’ ಕಾನೂನು ಬಂತು, ಕಾಗದದ ಬದಲು ಅದರ ಚಿತ್ರ ಕಳಿಸೋಕೆ ದಾರಿ ಆಯ್ತು. 2025ರ ಸೆಪ್ಟೆಂಬರ್ 30ರಿಂದ ಅಲ್ಲಿನ ಸರ್ಕಾರವೇ, ಕೆಲವು ವಿನಾಯಿತಿ ಬಿಟ್ಟು, ಪಾವತಿಗೆ ಚೆಕ್ ಕೈಬಿಡುವ ನಿಯಮ ತಂದಿತು.

ಎಲೆಕ್ಟ್ರಾನಿಕ್ ಆಗಿ ಖಾತೆಯಿಂದ ಖಾತೆಗೆ ಹಣ ಕಳಿಸುವಾಗ ಖಾತೆಯಲ್ಲಿ ಹಣ ಇದೆಯಾ ಅಂತ ಬ್ಯಾಂಕು ಮೊದಲೇ ನೋಡುತ್ತೆ, ಆಮೇಲೇ ಹಣ ಹೊರಡೋದು. ನನ್ನ ಪ್ರಕಾರ ಇದೇ ದೊಡ್ಡ ಲಾಭ, ವೇಗಕ್ಕಿಂತ ಜಾಸ್ತಿ. ಆದ್ರೆ ಒಂದು ಎಚ್ಚರ. ಚೆಕ್ ನಗದಾಗುವ ಮೊದಲು ಬ್ಯಾಂಕಿಗೆ ಹೇಳಿ ತಡೆಯಬಹುದು. ತಕ್ಷಣ ಹೋಗುವ ಹಣವನ್ನು ಸಾಮಾನ್ಯವಾಗಿ ಹಾಗೆ ತಡೆಯೋಕೆ ಆಗಲ್ಲ, ಅದಕ್ಕೇ ಖಾತೆ ಸಂಖ್ಯೆ, ಪರದೆ ಮೇಲೆ ಬರುವ ಹೆಸರು ಎರಡನ್ನೂ ನಿಧಾನವಾಗಿ ನೋಡಿಯೇ ಗುಂಡಿ ಒತ್ತಿ.