ಚೈನ್ ಕೊಂಡಿ ಗಟ್ಟಿ ಹಿಡಿದರೆ ಎಳೆದು ಬಿಗಿ ಮಾಡಬೇಡಿ

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ನನ್ನದು 125 ಸಿಸಿ ಬೈಕು, 14,000 ಕಿ.ಮೀ. ಓಡಿದೆ. ಕಕ್ಕಡ ತಿಂಗಳ ಮಳೆಯಲ್ಲಿ ಶೆಡ್ಡಿನಲ್ಲೇ ನಿಲ್ಲಿಸಿದ್ದೆ. ಕೈಲ್‌ಪೊಳ್ದು ಹಬ್ಬಕ್ಕೆ ಹೊರಗೆ ತೆಗೆದರೆ ಚೈನಿನಲ್ಲಿ ಕಟಕಟ ಸದ್ದು. ಮೂರು ಕೊಂಡಿಗಳು ಮಡಚಿದಲ್ಲೇ ನಿಲ್ಲುತ್ತವೆ. ಒಂದು ಕಡೆ ಚೈನ್ ಬಿಗಿ, ಇನ್ನೊಂದು ಕಡೆ ಸಡಿಲ. ಹಚ್ಚುತ್ತಿದ್ದುದು ಇಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್. ಪೂರ್ತಿ ಚೈನ್ ಸೆಟ್ ಬದಲಿಸಬೇಕೇ?

ಉತ್ತರ: ಬದಲಿಸುವ ಮುಂಚೆ ಒಂದು ಸಂಜೆ ಅದಕ್ಕೆ ಕೊಡಿ, ಉಳಿಯುವ ಸಾಧ್ಯತೆ ಇದೆ. ಆದರೆ ಸಡಿಲ ಕಂಡ ಕಡೆ ನೋಡಿಕೊಂಡು ಹಿಂಚಕ್ರದ ಆಕ್ಸಲ್ (ಅಚ್ಚು) ಹಿಂದಕ್ಕೆ ಎಳೆದು ಬಿಗಿ ಮಾಡುವ ಕೆಲಸಕ್ಕೆ ಮಾತ್ರ ದಯವಿಟ್ಟು ಕೈ ಹಾಕಬೇಡಿ. ಮೊದಲ ಗಾಡಿಯಲ್ಲಿ ನಾನು ಮಾಡಿದ್ದು ಅದನ್ನೇ. ಗಟ್ಟಿ ಕೊಂಡಿ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಮೇಲೆ ಬಂದಾಗಲೆಲ್ಲ ಚೈನ್ ತಂತಿಯಂತೆ ಬಿಗಿಯಾಗಿ ಗೇರ್‌ಬಾಕ್ಸಿನ ಶಾಫ್ಟನ್ನು ಜಗ್ಗುತ್ತಿತ್ತು. ಕೊನೆಗೆ ಮುಂದಿನ ಸ್ಪ್ರಾಕೆಟ್ ಹಿಂದಿರುವ ಬೇರಿಂಗೇ ಹೋಯಿತು. ಚೈನಿಗಿಂತ ಎಷ್ಟೋ ಪಟ್ಟು ದೊಡ್ಡ ಖರ್ಚು ಅದು.

ಕೊಂಡಿ ಗಟ್ಟಿಯಾಗುವುದು ಒಳಗಿನಿಂದ. ಪ್ರತಿ ಕೊಂಡಿಯಲ್ಲೂ ಒಂದು ಪಿನ್, ಅದರ ಸುತ್ತ ಬುಷ್, ಬುಷ್ ಮೇಲೆ ರೋಲರ್. ಚೈನ್ ಮಡಚುವುದು ಪಿನ್‌ಗೂ ಬುಷ್‌ಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ. ಎಣ್ಣೆ ಬೇಕಾಗಿರುವುದೂ ಅಲ್ಲಿಗೇ. ನಮ್ಮ ಮಳೆಗೆ ಆ ಸಂದಿಗೆ ನೀರು ಸೇರಿ, ಗಾಡಿ ವಾರಗಟ್ಟಲೆ ನಿಂತರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕೊಂಡಿಯ ಎರಡು ಪಟ್ಟಿಗಳ ನಡುವೆ ಇಣುಕಿ ನೋಡಿ. ಕುಂಕುಮದಂಥ ಕೆಂಪು ಪುಡಿ ಕಂಡರೆ, ತೋಟದ ಕೆಂಪು ಮಣ್ಣು ಎಂದುಕೊಂಡು ಸುಮ್ಮನಾಗಬೇಡಿ. ಒರೆಸಿ, ಎರಡು ದಿನ ಓಡಿಸಿ ಮತ್ತೆ ನೋಡಿ. ಮತ್ತೆ ಅಲ್ಲೇ ಬಂದರೆ ಅದು ಒಳಗಿನ ತುಕ್ಕೇ.

ಹಳೆ ಇಂಜಿನ್ ಆಯಿಲ್ ನಿಲ್ಲಿಸಿ. ಅದರಲ್ಲಿ ಲೋಹದ ನುಣ್ಣನೆಯ ಪುಡಿ ಇರುತ್ತದೆ, ತೆಳುವಾಗಿರುವುದರಿಂದ ಚಿಮ್ಮಿ ಟೈರಿಗೂ ಬೀಳುತ್ತದೆ. 90 ನಂಬರ್ ಗೇರ್ ಆಯಿಲ್ ಕಾಲು ಲೀಟರ್ ತಂದಿಟ್ಟರೆ ಬಹಳ ದಿನ ಬರುತ್ತದೆ.

ಈಗ ಕೆಲಸ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಂಜಿನ್ ಚಾಲೂ ಇಟ್ಟು, ಗೇರ್ ಹಾಕಿ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಹಿಂದಿನ ಸ್ಪ್ರಾಕೆಟ್ ಬಿಟ್ಟು ಬರುವಾಗ ನೆಟ್ಟಗಾಗದೆ ಸೊಟ್ಟಗೇ ನಿಂತ ಕೊಂಡಿಗಳಿಗೆ ಸುಣ್ಣದ ಗುರುತು ಹಾಕಿ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಗುರುತಿನ ಕೊಂಡಿಗಳನ್ನು ಕೈಯಿಂದ ಮೇಲೆ ಕೆಳಗೆ ಮಡಚಿ, ಸ್ವಲ್ಪ ಅಡ್ಡಡ್ಡಲೂ ಅಲುಗಾಡಿಸಿ. ಸುತ್ತಿಗೆ ಬೇಡ. ಪಿನ್ ಜರುಗಿದರೆ ಚೈನ್ ಕೆಟ್ಟಿತೆಂದೇ ಲೆಕ್ಕ. ಸಡಿಲಾಗದಿದ್ದರೆ ಚೈನ್ ಬಿಚ್ಚಿ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿ. ಮತ್ತೆ ಜೋಡಿಸುವಾಗ ಜೋಡಣೆ ಕೊಂಡಿಯ ಕ್ಲಿಪ್‌ನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೇ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಕಳಚೀತು. ಪೂರ್ತಿ ಒಣಗಿಸಿದ ಮೇಲೆ, ಕೆಳಗಿನ ಚೈನಿನ ಒಳಬದಿಗೆ, ಪಟ್ಟಿಗಳು ಸೇರುವ ಸಂದಿಗೆ ತೊಟ್ಟು ತೊಟ್ಟಾಗಿ ಗೇರ್ ಆಯಿಲ್ ಬಿಡಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹೊರಗಿನದನ್ನು ಒರೆಸಿಬಿಡಿ. ಹೊರಗೆ ಮೆತ್ತಿಕೊಂಡ ಎಣ್ಣೆ ಮಣ್ಣು ಹಿಡಿಯುತ್ತದೆ, ಅಷ್ಟೇ.

ಇದೆಲ್ಲ ಸಾದಾ ಚೈನಿಗೆ. ಪಟ್ಟಿಗಳ ನಡುವೆ ಕಪ್ಪು ರಬ್ಬರ್ ಬಳೆ ಕಂಡರೆ ಅದು ಓ-ರಿಂಗ್ ಚೈನ್. ಅದರ ಗ್ರೀಸನ್ನು ಕಂಪನಿಯಲ್ಲೇ ಒಳಗಿಟ್ಟು ಮುಚ್ಚಿರುತ್ತಾರೆ. ಅಂಥ ಕೊಂಡಿ ಗಟ್ಟಿಯಾಯಿತೆಂದರೆ ಒಳಗಿನ ಗ್ರೀಸ್ ಹೋಗಿದೆ, ಹೊರಗಿನ ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ. ಅದನ್ನು ಬದಲಿಸುವುದೇ ಸರಿ. ಓ-ರಿಂಗ್ ಚೈನಿಗೆ ಪೆಟ್ರೋಲ್ ತಾಗಿಸಲೇಬೇಡಿ, ರಬ್ಬರ್ ಹಾಳಾಗುತ್ತದೆ.

ನಿಮ್ಮ ಚೈನ್ ಉಳಿಸಲು ತಕ್ಕದ್ದೋ ಎಂದು ಟೇಪ್ ಹೇಳುತ್ತದೆ. 428 ಅಳತೆಯ ಚೈನ್ ಆಗಿದ್ದರೆ ಎಳೆದು ಹಿಡಿದು 21 ಪಿನ್, ಅಂದರೆ 20 ಕೊಂಡಿ ಅಳೆಯಿರಿ. ಹೊಸದರಲ್ಲಿ 254 ಮಿ.ಮೀ. ಇರುತ್ತದೆ. 259 ದಾಟಿದ್ದರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದಂತೆ ಒಂದು ಕಡೆಗೆ ಬಾಗಿದ್ದರೂ ಅಷ್ಟೇ. ಬದಲಿಸುವುದಾದರೆ ಎರಡು ಸ್ಪ್ರಾಕೆಟ್ ಸಮೇತ ಸೆಟ್ಟೇ ಹಾಕಿ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ.

ಉಳಿದರೆ, ಅತಿ ಬಿಗಿ ಇರುವ ಜಾಗದಲ್ಲೇ ಸಡಿಲ (ಕೆಳಗಿನ ಚೈನ್ ನಡುವಿನಲ್ಲಿ ಮೇಲೆ ಕೆಳಗೆ ಆಡುವಷ್ಟು) ಅಳೆದು ಹೊಂದಿಸಿ. ಈ ವರ್ಗದ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 20ರಿಂದ 35 ಮಿ.ಮೀ. ಒಳಗೆ, ನಿಮ್ಮದರ ಅಳತೆ ಕೈಪಿಡಿಯಲ್ಲಿದೆ. ಆಕ್ಸಲ್ಲಿನ ಎರಡೂ ಬದಿಯ ಗುರುತು ಸಮ ಇರಲಿ. ಅದೇ ಕೊಂಡಿಗಳು ಹದಿನೈದು ದಿನದೊಳಗೆ ಮತ್ತೆ ಗಟ್ಟಿಯಾದರೆ ಇನ್ನೊಮ್ಮೆ ಪ್ರಯತ್ನಿಸದೆ ಸೆಟ್ ಬದಲಿಸಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಚೈನ್ ಕಡಿದು ಹಿಂಚಕ್ರಕ್ಕೆ ಸುತ್ತಿಕೊಳ್ಳುವುದನ್ನು ನೆನೆದರೇ ನನಗೆ ಭಯ.

ಪ್ರಶ್ನೆ: ಸೋಮವಾರಪೇಟೆಯವನು. ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನವೇ ಚೈನ್ ಕಿರುಗುಟ್ಟುತ್ತದೆ. ಎಷ್ಟು ದಿನಕ್ಕೊಮ್ಮೆ ಎಣ್ಣೆ ಬಿಡಬೇಕು?

ಉತ್ತರ: ಪಂಪಿನ ನೀರನ್ನು ನೇರ ಚೈನಿಗೆ ಹೊಡೆಯಬೇಡಿ ಎಂದು ಮೊದಲೇ ಹೇಳಿ. ತೊಳೆಸಿದ ಮೇಲೆ ಐದಾರು ಕಿ.ಮೀ. ಓಡಿಸಿ, ಚೈನ್ ಬೆಚ್ಚಗಿರುವಾಗಲೇ ಒರೆಸಿ ಎಣ್ಣೆ ಬಿಡಿ. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಲೋಮೀಟರ್ ಲೆಕ್ಕ ಬಿಟ್ಟು, ಚೆನ್ನಾಗಿ ನೆನೆದು ಬಂದ ದಿನ ರಾತ್ರಿಯೇ ಹಾಕಿ.