ಬೀಟಾ ಟೆಸ್ಟರ್‌ಗಳು "ಫೋಟೋ ಸರಿ ಕಾಣ್ತಿಲ್ಲ" ಅಂದರೆ ಏನು ಉತ್ತರ ಕೊಡೋದು?

ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಆಂಡ್ರಾಯ್ಡ್ ಕ್ಯಾಟಲಾಗ್ ಆಪ್ ಮಾಡುತ್ತಿದ್ದೀರಿ. ಕೆಲವು ಫೋಟೋ ಅಡ್ಡ ಬೀಳುತ್ತವೆ, ಅಂಚು ಕಾಣಲ್ಲ, ಬಣ್ಣ ಮಂಕು, ಆಪ್ ತಾನೇ ಮುಚ್ಚಿಕೊಳ್ಳುತ್ತದೆ ಅಂತ ಬೀಟಾ ಟೆಸ್ಟರ್‌ಗಳಿಂದ, ಅಂದರೆ ಬಿಡುಗಡೆಗೆ ಮೊದಲೇ ಆಪ್ ಬಳಸಿ ನೋಡುತ್ತಿರುವ ಅಂಗಡಿಯವರಿಂದ, ದೂರು ಬಂದಿದೆ. ನಿಮ್ಮ ಫೋನಿನಲ್ಲಿ ಮಾತ್ರ ಎಲ್ಲ ಸರಿ ಇದೆ, ಅಲ್ವಾ?

ದಯವಿಟ್ಟು "ನಮ್ಮಲ್ಲಿ ಚೆನ್ನಾಗೇ ಬರ್ತಿದೆ" ಅಂತ ಬರೆಯಬೇಡಿ. ಆ ಮನುಷ್ಯ ಗಿರಾಕಿಗಳ ಮಧ್ಯೆ ಬಿಡುವು ಮಾಡಿಕೊಂಡು ನಿಮಗೆ ಹೇಳಿದ್ದಾರೆ. ಹೀಗೆ ಉತ್ತರ ಬಂದರೆ ಮುಂದಿನ ಸಲ ಸುಮ್ನೆ ಆಪ್ ತೆಗೆದುಹಾಕುತ್ತಾರೆ.

ಮೊದಲು ಮೂಲ ಫೋಟೋ ಕೇಳಿ. ಸ್ಕ್ರೀನ್‌ಶಾಟ್ ನೋಡಿದರೆ ಅವರಿಗೆ ಏನು ಕಂಡಿತು ಅಂತ ಗೊತ್ತಾಗುತ್ತದೆ, ಯಾಕೆ ಹಾಗೆ ಕಂಡಿತು ಅಂತ ಗೊತ್ತಾಗಲ್ಲ. ನಾನು ಹೀಗೆ ಬರೆಯುತ್ತೇನೆ: "ಸಾರ್, ಹೇಳಿದ್ದು ಒಳ್ಳೇದಾಯ್ತು. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸ್ತೀರಾ? ಫೋನ್ ಯಾವುದು ಅಂತಲೂ ಹೇಳಿ." ಡಾಕ್ಯುಮೆಂಟ್ ಅನ್ನೋದು ಮುಖ್ಯ. ಫೋಟೋ ಆಗಿಯೇ ಕಳಿಸಿದರೆ ವಾಟ್ಸಾಪ್ ಅದನ್ನು ಚಿಕ್ಕದು ಮಾಡುತ್ತದೆ, ಒಳಗಿನ ಎಕ್ಸಿಫ್ ಮಾಹಿತಿಯೂ (ಕ್ಯಾಮೆರಾ ಫೋಟೋ ಜೊತೆಗೇ ಬರೆದಿಡುವ ವಿವರ) ಹೋಗುತ್ತದೆ. ಆಮೇಲೆ ನೀವು ಎಷ್ಟು ಹುಡುಕಿದರೂ ತೊಂದರೆಯ ಮೂಲ ಸಿಗಲ್ಲ.

ಅಡ್ಡ ಬೀಳೋದಕ್ಕೆ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಎಷ್ಟೋ ಫೋನುಗಳು ಚಿತ್ರವನ್ನು ಅಡ್ಡವಾಗಿಯೇ ಉಳಿಸಿ, ಎಕ್ಸಿಫ್‌ನ ಓರಿಯೆಂಟೇಶನ್‌ನಲ್ಲಿ 6 ಅಂತ ಬರೆದಿಡುತ್ತವೆ, ಅಂದರೆ ಬಲಕ್ಕೆ 90 ಡಿಗ್ರಿ ತಿರುಗಿಸಿ ತೋರಿಸು ಅಂತ. ಆಂಡ್ರಾಯ್ಡ್‌ನಲ್ಲಿ ಚಿತ್ರ ತೆರೆಯುವ ಬಿಟ್‌ಮ್ಯಾಪ್‌ಫ್ಯಾಕ್ಟರಿ ಇದನ್ನು ನೋಡೋದೇ ಇಲ್ಲ, ನೀವೇ ಓದಿ ತಿರುಗಿಸಬೇಕು.

ಆಪ್ ಮುಚ್ಚಿಕೊಂಡರೆ ಮೆಮೊರಿ ನೋಡಿ. ಗ್ಯಾಲರಿಯಲ್ಲಿ ಮೂರ್ನಾಲ್ಕು ಎಂಬಿ ಇರುವ 4000×3000ರ ಫೋಟೋ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ತಿನ್ನುತ್ತದೆ. ಪಟ್ಟಿಯಲ್ಲಿ ಅಂಥವು ಹತ್ತು ಬಂದರೆ ಕಮ್ಮಿ ಬೆಲೆಯ ಫೋನ್ ತಡೆಯಲ್ಲ. ಪರದೆಗೆ ಬೇಕಾದ ಅಳತೆಗೆ ಇಳಿಸಿ ಲೋಡ್ ಮಾಡಿ. ಗ್ಲೈಡ್ ಅಥವಾ ಕಾಯಿಲ್ ಅನ್ನೋ ಚಿತ್ರ ಲೋಡ್ ಮಾಡುವ ಲೈಬ್ರರಿ ಬಳಸಿದರೆ ಇದೂ ತಿರುಗಿಸೋದೂ ಹೆಚ್ಚುಕಮ್ಮಿ ತಾನಾಗಿ ಆಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸಿದ್ದು ಅಂಚಿನ ದೂರು. ನೀವು ಚೌಕದ ಕಾರ್ಡ್ ಇಟ್ಟು ಸೆಂಟರ್‌ಕ್ರಾಪ್ ಹಾಕಿರಬೇಕು. ಅದು ಚೌಕ ತುಂಬಿಸೋಕೆ ಉದ್ದದ ಫೋಟೋವನ್ನು ಮೇಲೆ ಕೆಳಗೆ ಕತ್ತರಿಸುತ್ತದೆ. ಗೊಂಬೆಗೆ ಉಡಿಸಿದ ಸೀರೆಯ ಅಂಚು ಇರೋದೇ ಕೆಳಗೆ! ಕೋಡ್ ಪ್ರಕಾರ ತಪ್ಪೇನಿಲ್ಲ, ಆದರೆ ಕೊಳ್ಳುವವರು ಮೊದಲು ನೋಡೋದು ಅಂಚು, ಸೆರಗು. ಇಳಕಲ್ ಸೀರೆಯ ಅಂಚು ಕಾಣದಿದ್ದರೆ ಅಂಗಡಿಯವರು ಏನು ಮಾರಬೇಕು? ಫಿಟ್‌ಸೆಂಟರ್ ಹಾಕಿದರೆ ಪೂರ್ತಿ ಕಾಣುತ್ತದೆ, ಆದರೆ ಪಕ್ಕದಲ್ಲಿ ಖಾಲಿ ಜಾಗ ಉಳಿಯುತ್ತದೆ. ಕಾರ್ಡನ್ನೇ ಉದ್ದ ಮಾಡೋದು ನನಗೆ ಇಷ್ಟ. ಎರಡೂ ಮಾಡಿ ತೋರಿಸಿ, ಯಾವುದು ಬೇಕು ಅಂತ ಅವರನ್ನೇ ಕೇಳಿ.

ಸರಿಮಾಡಿದ ಮೇಲೆ ದೂರು ಕೊಟ್ಟವರಿಗೇ ಹೇಳಿ, ಆಪ್‌ನ ಹೊಸ ಬಿಲ್ಡ್‌ನಲ್ಲಿ (ಸರಿಮಾಡಿದ ಆವೃತ್ತಿಯಲ್ಲಿ) ಅದೇ ಫೋಟೋ ತೆರೆದು ನೋಡೋಕೆ ಹೇಳಿ. ಈಗ ಮಾಡಲ್ಲ ಅಂತಿದ್ದರೆ ಅದನ್ನೂ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ಬಣ್ಣದ ದೂರನ್ನು ಮಾತ್ರ ಮೇಜಿನ ಮುಂದೆ ಕೂತು ತೀರ್ಮಾನಿಸಬೇಡಿ. ಐಫೋನಿನಲ್ಲಿ ತೆಗೆದ ಫೋಟೋದ ಕಲರ್ ಪ್ರೊಫೈಲ್ (ಬಣ್ಣಗಳನ್ನು ಹೇಗೆ ತೋರಿಸಬೇಕು ಅನ್ನೋ ಮಾಹಿತಿ) ಅಪ್‌ಲೋಡ್ ಆಗುವಾಗ ಬಿಟ್ಟುಹೋದರೆ ರಾಮಾ ಗ್ರೀನ್ ಮಂಕಾಗುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೂಡ ಕಾರಣ ಇರಬಹುದು. ಚಿಕ್ಕಪೇಟೆ ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್. ಹೋಗಿ, ಸೀರೆಯನ್ನು ಬಾಗಿಲ ಬೆಳಕಿಗೆ ತಂದು, ಪಕ್ಕದಲ್ಲಿ ಫೋನ್ ಇಟ್ಟು, ಅವರ ಜೊತೆಗೇ ನೋಡಿ.