ಏಲಕ್ಕಿ ಬಾಳೆ ಗಿಡ ಎತ್ತರ ಇದೆ, ಗೊನೆನೂ ದೊಡ್ಡದು ಬರತ್ತಾ?

ಪ್ರಶ್ನೆ: ಏಲಕ್ಕಿ ಬಾಳೆ, ಜಿ-9 (ಗ್ರ್ಯಾಂಡ್ ನೈನ್ ಅನ್ನೋ ಪಚ್ಚಬಾಳೆ ಜಾತಿ) ಎರಡನ್ನೂ ಒಂದೇ ದಿನ 6 ಅಡಿ ಅಂತರದಲ್ಲಿ ಹಾಕಿದೀನಿ, ಈಗ ಏಳು ತಿಂಗಳು. ಏಲಕ್ಕಿ ಗಿಡ ಜಿ-9ಗಿಂತ ಎತ್ತರ ಹೋಗಿದೆ. ಇಳುವರಿನೂ ಅದೇ ಜಾಸ್ತಿ ಕೊಡತ್ತಾ?

ಉತ್ತರ: ಇಲ್ಲ, ಎತ್ತರ ನೋಡಿ ಗೊನೆ ಅಳೆಯೋಕಾಗಲ್ಲ. ಎತ್ತರ ತಳಿಯ ಗುಣ, ಜಿ-9 ಗಿಡ್ಡ ಜಾತಿ, ಏಲಕ್ಕಿ ಸಣ್ಣ ಕಾಂಡದ ಎತ್ತರದ ಜಾತಿ, ಅಷ್ಟೇ. ನೋಡಬೇಕಾದ್ದು ಕಾಂಡದ ಸುತ್ತಳತೆ ಮತ್ತೆ ಮೂತಿ (ಬಾಳೆ ಹೂವಿನ ಮೊಗ್ಗು) ಹೊರಗೆ ಬಂದ ದಿನ ಗಿಡದಲ್ಲಿರೋ ಹಸಿರು ಎಲೆ. ಯಾಕಂದ್ರೆ ಮೂತಿ ಬಂದ್ಮೇಲೆ ಬಾಳೆ ಹೊಸ ಎಲೆ ಬಿಡಲ್ಲ, ಇರೋ ಎಲೆನೇ ಮುಂದಿನ ಮೂರ್ನಾಲ್ಕು ತಿಂಗಳು ಕಾಯಿ ತುಂಬಿಸಬೇಕು, ಮತ್ತೆ ಎಷ್ಟು ಚಿಪ್ಪು ಅನ್ನೋದು ಮೂತಿ ಇನ್ನೂ ಕಾಂಡದ ಒಳಗಿರುವಾಗ್ಲೇ ತೀರ್ಮಾನ ಆಗಿರತ್ತೆ, ಆಮೇಲೆ ಎಷ್ಟು ಗೊಬ್ಬರ ಸುರಿದ್ರೂ ಚಿಪ್ಪು ಹೆಚ್ಚಲ್ಲ, ಕಾಯಿ ದಪ್ಪ ಆಗಬಹುದು ಅಷ್ಟೇ.

ಇನ್ನು ಬರೀ ಗೊನೆ ತೂಕ ಹೋಲಿಸೋದೂ ಸರಿಯಲ್ಲ, ದಿನಾನೂ ಲೆಕ್ಕಕ್ಕೆ ಬರಬೇಕು. ಜಿ-9 ಗೊನೆ 25 ಕೆಜಿ, 11 ತಿಂಗಳಿಗೆ ಕಟಾವು ಅಂದ್ಕೊಳ್ಳಿ, ಗಿಡಕ್ಕೆ ತಿಂಗಳಿಗೆ ಎರಡೂಕಾಲು ಕೆಜಿ ಬಿತ್ತು. ಏಲಕ್ಕಿ 12 ಕೆಜಿ, 13 ತಿಂಗಳು ಅಂದ್ರೆ ಒಂದು ಕೆಜಿನೂ ಇಲ್ಲ. ಹಾಗಂತ ಏಲಕ್ಕಿನ ಕಿತ್ತು ಹಾಕ್ಬೇಡಿ ದಯವಿಟ್ಟು, ಜಿ-9 ಆ ತೂಕ ಕೊಡೋದು ನೀರು ಗೊಬ್ಬರ ಎರಡೂ ಬಿಡದೆ ಕೊಟ್ರೆ ಮಾತ್ರ, ನೀರು ತಪ್ಪಿದ್ರೆ ಮೊದಲು ಸೊರಗೋದು ಅದೇ. ಆದ್ರೆ ಮಣ್ಣಲ್ಲಿರೋ ಶಿಲೀಂಧ್ರದಿಂದ ಬರೋ ಹಳೇ ಪನಾಮ ಸೊರಗು ರೋಗ ಏಲಕ್ಕಿಗೆ ಬರತ್ತೆ, ಜಿ-9 ತಡಕೊಳ್ಳತ್ತೆ. ಅದೇ ರೋಗದ ಟಿಆರ್-4 ಅನ್ನೋ ಹೊಸ ತಳಿ ಬಂದ್ರೆ ಜಿ-9ಗೂ ಉಳಿಗಾಲ ಇಲ್ಲ. ಅದಕ್ಕೇ ಏಲಕ್ಕಿ ಸಾಲಲ್ಲಿ ಕೆಳಗಿನ ಎಲೆ ಅಂಚಿಂದ ಹಳದಿಯಾಗಿ ತೊಟ್ಟಿನ ಹತ್ತಿರ ಮುರಿದು ಜೋತು ಬಿದ್ದಿದ್ಯಾ ಅಂತ ಆಗಾಗ ನೋಡ್ತಿರಿ.

ನಿಮ್ಮ ಜಿ-9 ಈಗ ಮೂತಿ ಬಿಡೋ ಹೊತ್ತು, ಟೇಪ್ ಹಿಡ್ಕೊಂಡು ಇವತ್ತೇ ಶುರು ಮಾಡಿ. ಅಂಚಿನ ಸಾಲಿಗೆ ಬಿಸಿಲು ಜಾಸ್ತಿ ಸಿಗತ್ತೆ, ಅದನ್ನ ಬಿಟ್ಟು ಎರಡೂ ತಳಿಲಿ ಒಳಗಿನ ಹತ್ತತ್ತು ಗಿಡಕ್ಕೆ ನಂಬರ್ ಬರೀರಿ. ಮೂತಿ ಬಂದ ತಾರೀಕು, ಎಲ್ಲಾ ಗಿಡದಲ್ಲೂ ನೆಲದಿಂದ ಒಂದೇ ಎತ್ತರದಲ್ಲಿ ಸುತ್ತಳತೆ, ಎಲೆ ಲೆಕ್ಕ, ಆಮೇಲೆ ಚಿಪ್ಪು, ಕಟಾವಿನ ದಿನ ತೂಕ, ಎಲ್ಲಾ ಬರ್ಕೊಳ್ಳಿ. ಅಲ್ಲೀವರೆಗೂ ಪಕ್ಕದ ಕಂದು (ಬುಡದಿಂದ ಬರೋ ಮರಿ ಗಿಡ) ಒಂದೇ ಇರಲಿ. ಒಂದು ತಳೀಲಿ ಮೂರು ಕಂದು, ಇನ್ನೊಂದ್ರಲ್ಲಿ ಒಂದು ಬಿಟ್ರೆ ನೀವು ಅಳೆದಿದ್ದು ತಳಿನಲ್ಲ, ಕಂದುಗಳ ಪೈಪೋಟಿನ.